ಅತ್ತಿ ಅಲ್ಲ, ಅಂಜೂರ



ನಾವು ಹಾನಗಲ್ ತಾಲೂಕಿನ ಆಡೂರಿನ ಹೆಣ್ಣುಮಕ್ಕಳು. ಒಟ್ಟು ಏಳು ಜನ. ಹಗಲು ಹೊಲದ ಕೆಲಸ, ಮನೆ ಕೆಲಸ. ಸಂಜೆ ಒಂದು ತಾಸು ಒಟ್ಟಿಗೆ ಕೂತು ಅಕ್ಷರ ಕಲಿತೆವು. ಈಗ ನಮಗೆ ಓದಲು ಬರುತ್ತದೆ. ನಿಧಾನವಾಗಿ ಬರೆಯಲೂ ಬರುತ್ತದೆ.

ನಮ್ಮ ಒಂದು ಗಿಡದ ಸುದ್ದಿ ನಿಮಗೆ ಹೇಳಬೇಕು. ಅದು ಅಂಜೂರದ ಗಿಡ. ನೆಲದಲ್ಲಿ ಇಲ್ಲ, ಕುಂಡದಲ್ಲಿ ಇದೆ. ಕುಂಡ ಅಂದರೆ ದೊಡ್ಡದೇನಲ್ಲ. ಗೋಡೆಗೆ ಬಣ್ಣ ಹಚ್ಚುವವರು ಬಿಟ್ಟುಹೋದ 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಬೆಳೆದ ಗಿಡ ಈಗ ನಮ್ಮ ಎದೆಯ ಎತ್ತರ ಇದೆ. ಹಣ್ಣು ಬಿಡುತ್ತದೆ.

ಆದರೆ ಸುದ್ದಿ ಶುರು ಆಗುವುದು ಬೇರೆ ಗಿಡದಿಂದ.

ಐದಾರು ವರ್ಷದ ಹಿಂದಿನ ಮಾತು. ನಮ್ಮ ಗುಂಪಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಎಲ್ಲರಿಗಿಂತ ಹಿರಿಯಳು. ಅವಳ ಸೊಸೆ ಆಗ ಬಸುರಿ. ನಾಲ್ಕು ಹೆಜ್ಜೆ ನಡೆದರೆ ತೇಕು. ಕಣ್ಣಿನ ಒಳರೆಪ್ಪೆ ಬೆಳ್ಳಗೆ. ಆಸ್ಪತ್ರೆಯಲ್ಲಿ ರಕ್ತ ನೋಡಿದರು. 8 ಗ್ರಾಂ ಇತ್ತು. ಬಸುರಿಗೆ 11 ಗ್ರಾಂ ಆದರೂ ಇರಬೇಕು.

ಓಣಿಯ ಹೆಣ್ಣುಮಕ್ಕಳು ಅಜ್ಜಿಗೆ ಬುದ್ಧಿ ಹೇಳಿದರು.

"ಅಂಜೂರ ತಿನಸ್ ಬೇ. ರಕ್ತ ತುಂಬತೈತಿ."

ಅಜ್ಜಿ ಅಂಗಡಿಗೆ ಹೋಗಿ ಒಣ ಅಂಜೂರದ ದರ ಕೇಳಿದಳು. ಒಂದು ಕಿಲೋ ತರಬೇಕು ಅಂದರೆ ಎರಡು ಮೂರು ದಿನದ ಕೂಲಿ ಕರಗುತ್ತದೆ. ಸುಮ್ಮನೆ ಬಂದಳು. ಮುಂದಿನ ಸಂತೆಯಲ್ಲಿ ಗಿಡ ಮಾರುವವನು ಕಂಡ. ಅವನ ಹತ್ತಿರ ಕರಿ ಚೀಲದಲ್ಲಿ ಗಿಡಗಳು. "ಅಂಜೂರ ಐತೇನೋ ತಮ್ಮಾ?" ಅಂತ ಅಜ್ಜಿ ಕೇಳಿದಳು. "ಐತಿ ಬಾ ಯವ್ವಾ" ಅಂತ ಒಂದು ಗಿಡ ಎತ್ತಿ ಕೊಟ್ಟ. ಗಿಡಕ್ಕೆ ಒಂದು ಚೀಟಿ ಕಟ್ಟಿತ್ತು. ಚೀಟಿ ಇದ್ದ ಮೇಲೆ ಖರೇನೇ ಇರಬೇಕು ಅಂತ ಅಜ್ಜಿ ರೊಕ್ಕ ಕೊಟ್ಟಳು.

ಕೂಸು ಒಂಬತ್ತು ತಿಂಗಳಿಗೆ ಬರುತ್ತದೆ. ಗಿಡ ಹಣ್ಣು ಬಿಡಲು ಎರಡು ವರ್ಷ ಬೇಕು. ಈ ಲೆಕ್ಕ ಆಗ ಯಾರ ತಲೆಗೂ ಬರಲಿಲ್ಲ. ಅಜ್ಜಿ ಗಿಡಕ್ಕೆ ದಿನಾ ನೀರು ಹಾಕಿದಳು.

ಅದಕ್ಕಿಂತ ದೊಡ್ಡ ತಪ್ಪು ಮನೆಯ ಒಳಗೆ ನಡೆದಿತ್ತು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಗುಳಿಗೆ ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು. ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕರ್ರಗೆ ಆಗುತ್ತದೆ ಅಂತ ಸೊಸೆ ಬಿಟ್ಟಿದ್ದಳು. "ಹ್ಯಾಂಗೂ ಅಂಜೂರ ಬರತೈತಲ್ಲ" ಅಂತ ಅಜ್ಜಿಯೂ ಒತ್ತಾಯ ಮಾಡಲಿಲ್ಲ. ಒಂದು ದಿನ ಸಿಸ್ಟರ್ ಮನೆಗೆ ಬಂದರು. ಗೂಡಿನಲ್ಲಿ ಗುಳಿಗೆ ಕಂಡರು. ಅವರು ಬೈದದ್ದು ಓಣಿಗೆಲ್ಲ ಕೇಳಿತು. ಅಂದಿನಿಂದ ಸೊಸೆ ಗುಳಿಗೆ ತಪ್ಪಿಸಲಿಲ್ಲ. ಹೆರಿಗೆ ಸುಸೂತ್ರ ಆಯಿತು. ಹೆಣ್ಣು ಕೂಸು. ಈಗ ಅಂಗನವಾಡಿಗೆ ಹೋಗುತ್ತದೆ.

ಗಿಡ ಬೆಳೆಯಿತು. ಎರಡು ವರ್ಷ ಆಯಿತು. ಹಣ್ಣು ಇಲ್ಲ. ಅಷ್ಟರಲ್ಲಿ ಅಜ್ಜಿ ನಮ್ಮ ಜೊತೆ ಅಕ್ಷರ ಕಲಿಯಲು ಬರುತ್ತಿದ್ದಳು. ಒತ್ತಕ್ಷರ ಕಲಿಯುವ ವಾರ. ಕತ್ತಿ, ಬತ್ತಿ, ಅತ್ತೆ ಅಂತ ಬರೆಯುತ್ತಿದ್ದೆವು. ಅಜ್ಜಿ ತಟ್ಟನೆ ಎದ್ದು ಮನೆಗೆ ಹೋದಳು. ಟ್ರಂಕಿನಲ್ಲಿ ಇಟ್ಟಿದ್ದ ಆ ಚೀಟಿ ತಂದಳು. ಬೆರಳು ಇಟ್ಟು ಓದಿದಳು.

"ಅ... ತ್ತಿ."

ಮತ್ತೊಮ್ಮೆ ಓದಿದಳು. ಅತ್ತಿ ಅಂತಲೇ ಇತ್ತು. ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. "ಎರಡು ವರ್ಷ ನೀರ ಹೊತ್ತೇನವಾ" ಅಂದಳು. ಆಗ ನಮಗೂ ನಗು ನಿಂತಿತು. ಮಾರಿದವನು ಬೇಕಂತ ಮೋಸ ಮಾಡಿದನೋ, ಅವನಿಗೂ ಓದು ಬರುತ್ತಿರಲಿಲ್ಲವೋ, ದೇವರಿಗೇ ಗೊತ್ತು.

ಅತ್ತಿ ಕೆಟ್ಟ ಗಿಡ ಅಲ್ಲ. ಔದುಂಬರ ಅಂತ ಪೂಜೆ ಮಾಡುತ್ತೇವೆ. ದತ್ತಾತ್ರೇಯನ ಗಿಡ. ಅದನ್ನು ಕೆರೆಯ ದಂಡೆಗೆ ಒಯ್ದು ನೆಟ್ಟೆವು. ಅಲ್ಲಿ ಚೆನ್ನಾಗಿ ಇದೆ.

ಒಂದೇ ಬಳಗ

ಅತ್ತಿ, ಆಲ, ಅರಳಿ, ಬಸರಿ, ಅಂಜೂರ, ಇವೆಲ್ಲ ಒಂದೇ ಬಳಗ. ಎಲೆ ಕಿತ್ತರೆ ಎಲ್ಲದರಲ್ಲೂ ಬಿಳಿ ಹಾಲು ಬರುತ್ತದೆ. ಯಾವುದರ ಹೂವೂ ಹೊರಗೆ ಕಾಣುವುದಿಲ್ಲ. ಅತ್ತಿಯ ಹೂವು ಕಂಡವರಿಲ್ಲ ಅಂತ ಹಿರಿಯರು ಹೇಳುತ್ತಾರಲ್ಲ, ಅದಕ್ಕೆ ಕಾರಣ ಇದೆ. ಹೂವು ಕಾಯಿಯ ಒಳಗೇ ಇರುತ್ತದೆ. ನೂರಾರು ಸಣ್ಣ ಹೂವು ಒಳಗೋಡೆಗೆ ಅಂಟಿಕೊಂಡು ಇರುತ್ತವೆ. ನಾವು ಕಾಯಿ ಅನ್ನುವುದು ಹೂವಿನ ಚೀಲ.

ಅತ್ತಿ ಹಣ್ಣು ಬಿಚ್ಚಿದರೆ ಹುಳ ಕಾಣುತ್ತವೆ. ಅವು ಕೊಳೆತ ಹಣ್ಣಿನ ಹುಳ ಅಲ್ಲ. ಬಹಳ ಸಣ್ಣ ಜಾತಿಯ ಕಣಜ. ಕಾಯಿಯ ತುದಿಯ ತೂತಿನಿಂದ ಒಳಗೆ ಹೋಗಿ ಮೊಟ್ಟೆ ಇಡುತ್ತವೆ. ಹೂವಿನ ಪರಾಗ ಸಾಗಿಸುವುದೂ ಅವೇ. ಅವು ಇಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ.

"ಹಂಗಾದ್ರ ಅಂಜೂರದಾಗೂ ಹುಳ ಇರತಾವೇನು?" ಅಂತ ನಮ್ಮ ಗುಂಪಿನ ಒಬ್ಬಳು ಮೂಗು ಮುರಿದಳು. ನಮ್ಮ ಕಡೆ ಬೆಳೆಯುವ ಅಂಜೂರದ ಜಾತಿಗೆ ಆ ಕಣಜ ಬೇಕಿಲ್ಲ. ಅದು ಇಲ್ಲದೆಯೇ ಹಣ್ಣು ಆಗುತ್ತದೆ. ಹಣ್ಣು ಬಿಚ್ಚಿ ನೋಡಿ, ಆಮೇಲೆ ತಿನ್ನಿ. ಒಳಗೆ ಕೆಂಪಗೆ, ಸಣ್ಣ ಕಾಳಿನ ಹಾಗೆ ಕಾಣುವುದು ಹೂವಿನ ಭಾಗ, ಹುಳ ಅಲ್ಲ. ಇರುವೆ ಹೊಕ್ಕಿದ್ದರೆ ಮಾತ್ರ ಝಾಡಿಸಿ.

ಗಿಡದ ಗುರುತು ಸುಲಭ. ಅತ್ತಿಯ ಎಲೆ ಉದ್ದ, ನುಣುಪು. ಅಂಜೂರದ ಎಲೆ ಅಗಲ, ಬೆರಳು ಬಿಡಿಸಿದ ಅಂಗೈ ಹಾಗೆ ಸೀಳು ಸೀಳು. ಮುಟ್ಟಿದರೆ ಒರಟು. ಈ ಎರಡು ಮಾತು ಗೊತ್ತಿದ್ದರೆ ಅಜ್ಜಿ ಮೋಸ ಹೋಗುತ್ತಿರಲಿಲ್ಲ.

ಎಲ್ಲಿಂದ ಬಂತು?

ಅಂಜೂರ ನಮ್ಮ ನಾಡಿನದು ಅಲ್ಲ. ಪಶ್ಚಿಮ ದಿಕ್ಕಿನ ಒಣ ದೇಶಗಳಿಂದ ಬಂದದ್ದು. ಅಂಜೂರ ಅನ್ನುವ ಹೆಸರೂ ಫಾರಸಿ ಭಾಷೆಯದು. ಮನುಷ್ಯರು ಬಹಳ ಹಿಂದಿನಿಂದ ತಿನ್ನುತ್ತ ಬಂದ ಹಣ್ಣು ಇದು. ಜೋರ್ಡಾನ್ ನದಿಯ ಕಣಿವೆಯಲ್ಲಿ ಅಗೆದಾಗ ಸುಟ್ಟು ಕರಿಯಾದ ಅಂಜೂರ ಸಿಕ್ಕಿತು. ಅದು ಸುಮಾರು 11,000 ವರ್ಷ ಹಳೆಯದು ಅಂತ 2006ರಲ್ಲಿ ವಿಜ್ಞಾನಿಗಳು ತಿಳಿಸಿದರು.

ಹೊರಗಿನದು ಅಂತ ದೂರ ಇಡಬೇಕಿಲ್ಲ. ಪೇರಲ, ಪಪ್ಪಾಯಿ, ಚಿಕ್ಕು, ಸೀತಾಫಲ, ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಈಗ ನಮ್ಮ ಹಿತ್ತಲಲ್ಲೇ ಹುಟ್ಟಿದವರ ಹಾಗೆ ಇದ್ದಾವೆ. ಅಡುಗೆಗೆ ಹಾಕುವ ಮೆಣಸಿನಕಾಯಿಯೂ ಅಲ್ಲಿಯದೇ!

ಶ್ರೀರಂಗಪಟ್ಟಣದ ಹತ್ತಿರದ ಗಂಜಾಂ ಊರಿನ ಅಂಜೂರಕ್ಕೆ ಹಿಂದಿನಿಂದ ಹೆಸರು. ಬಳ್ಳಾರಿ ಸೀಮೆಯಲ್ಲೂ ಬೆಳೆಯುತ್ತಾರೆ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಈ ಸೀಮೆಗಳಲ್ಲಿ ಮಳೆ ನಮ್ಮ ಹಾನಗಲ್ಲಿಗಿಂತ ಕಡಿಮೆ. ಬಿಸಿಲು ಜಾಸ್ತಿ.

ಕುಂಡ ಯಾಕೆ?

ಇದೇ ಮುಖ್ಯ ಮಾತು. ಹಾನಗಲ್ ಸೀಮೆ ಮಾವಿಗೆ, ಬತ್ತಕ್ಕೆ ಹೆಸರಾದದ್ದು. ಮಲೆನಾಡಿನ ಸೆರಗು. ಮಿರಗದ ಮಳೆ ಹಿಡಿಯಿತು ಅಂದರೆ ಮೂರು ನಾಲ್ಕು ತಿಂಗಳು ಹಸಿ ಬಿಡುವುದಿಲ್ಲ. ಬತ್ತಕ್ಕೆ ಇದು ಬೇಕು. ಅಂಜೂರಕ್ಕೆ ಬೇಡ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಎಲೆ ಸದಾ ತೊಯ್ದರೆ ತುಕ್ಕು ರೋಗ ಬರುತ್ತದೆ. ಮಳೆಗಾಲದ ಹಣ್ಣು ಸೀಳುತ್ತದೆ, ಸಪ್ಪೆ ಆಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಅಂಜೂರಕ್ಕೆ ಚಳಿಯ ಭಯ. ಅಲ್ಲಿ ಕುಂಡದಲ್ಲಿ ಬೆಳೆಸಿ ಚಳಿಗಾಲ ಬಂದ ಕೂಡಲೇ ಒಳಗೆ ಇಡುತ್ತಾರೆ. ಸುಮಾರು 350 ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ 14ನೇ ಲೂಯಿ ಎಂಬ ರಾಜ ಇದ್ದ. ಅವನಿಗೆ ಅಂಜೂರ ಅಂದರೆ ಪ್ರಾಣ. ಅವನ ತೋಟದವರು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅಂಜೂರ ಬೆಳೆಸಿ ಒಳಗೆ ಹೊರಗೆ ಸಾಗಿಸುತ್ತಿದ್ದರು. ರಾಜನಿಗೆ ಆಳು ಇದ್ದರು. ನಮಗೆ ನಾವೇ ಆಳು. ಅದಕ್ಕೇ 20 ಲೀಟರಿನ ಡಬ್ಬಿ ಆರಿಸಿದೆವು. ಇಬ್ಬರು ಹಿಡಿದರೆ ಎತ್ತಲು ಬರುತ್ತದೆ.

ನಮ್ಮಲ್ಲಿ ಚಳಿಯ ಭಯ ಇಲ್ಲ, ಮಳೆಯ ಭಯ. ಮಿರಗ ಕೂಡುವ ಮುಂಚೆ ಡಬ್ಬಿಯನ್ನು ತಗಡಿನ ಸೂರಿನ ಕೆಳಗೆ ತರುತ್ತೇವೆ. ಪೂರ್ವ ದಿಕ್ಕಿಗೆ, ಬೆಳಗಿನ ಬಿಸಿಲು ಬೀಳುವ ಕಡೆ. ಕತ್ತಲೆ ಮೂಲೆಗೆ ಇಡಬಾರದು. ಬೆಳಕು ಇಲ್ಲದಿದ್ದರೆ ಎಲೆ ಉದುರುತ್ತದೆ. ದಸರಾ ಹೊತ್ತಿಗೆ ಮಳೆ ಹಿಂದೆ ಸರಿದ ಮೇಲೆ ಮತ್ತೆ ಅಂಗಳಕ್ಕೆ. ಆಮೇಲೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು.

ಬಸುರಿಯರು, ಬಾಣಂತಿಯರು, ಗರ್ಭಕೋಶ ಜಾರಿದವರು ಡಬ್ಬಿ ಎತ್ತಬಾರದು. ನಾವು ಗೋಣಿಚೀಲದ ಮೇಲೆ ಡಬ್ಬಿ ಇಟ್ಟು ಚೀಲ ಹಿಡಿದು ಎಳೆಯುತ್ತೇವೆ. ಸೊಂಟಕ್ಕೂ ಒಳ್ಳೆಯದು.

ಕುಂಡಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಏಳು ಜನರಲ್ಲಿ ಹೊಲದ ಉತಾರದಲ್ಲಿ ಹೆಸರು ಇರುವುದು ಒಬ್ಬಳಿಗೆ ಮಾತ್ರ. ಇಬ್ಬರು ಬಾಡಿಗೆ ಮನೆಯವರು. ನೆಲದಲ್ಲಿ ಮರ ಹಚ್ಚಿದರೆ ಅದು ಯಾರದು ಅನ್ನುವ ಮಾತು ಬರುತ್ತದೆ. ಡಬ್ಬಿಯ ಗಿಡಕ್ಕೆ ಆ ಮಾತಿಲ್ಲ. ಮನೆ ಬಿಟ್ಟರೆ ಗಿಡವೂ ಸಾಮಾನಿನ ಜೊತೆ ಟ್ರ್ಯಾಕ್ಟರ್ ಏರುತ್ತದೆ.

ಹಚ್ಚುವ ಬಗೆ

ಅಂಜೂರವನ್ನು ಬೀಜದಿಂದ ಮಾಡಬೇಡಿ. ಅಂಗಡಿಯ ಒಣ ಹಣ್ಣಿನ ಬೀಜ ಬಿತ್ತಿದರೆ ಗಿಡ ಹುಟ್ಟಬಹುದು. ಅದು ಹಣ್ಣು ಬಿಡುತ್ತದೆ ಅನ್ನುವ ಭರವಸೆ ಇಲ್ಲ. ಹಣ್ಣು ಬಿಡುವ ಗಿಡದ ಕಡ್ಡಿಯನ್ನೇ ನೆಡಬೇಕು. ಇಲ್ಲವೇ ನರ್ಸರಿಯಿಂದ ಗಿಡ ತರಬೇಕು.

ತರುವಾಗ ಚೀಟಿ ಓದಿ. ಎಲೆ ಮುಟ್ಟಿ ನೋಡಿ. ಕಡ್ಡಿಯಿಂದ ಮಾಡಿದ್ದೋ, ಬೀಜದ್ದೋ ಕೇಳಿ. ಹೇಳುವುದನ್ನು ರಸೀತಿಯಲ್ಲಿ ಬರೆಸಿಕೊಳ್ಳಿ. ಹಾನಗಲ್ಲಿನಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿ ಇದೆ. ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ತೋಟಗಾರಿಕೆ ಕಾಲೇಜು ಇದೆ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿಗೆ ಹೋಗಿ ಕೇಳಲು ನಾಚಿಕೆ ಬೇಡ. ನಾವು ನಾಲ್ಕು ಜನ ಕೂಡಿ ಹೋಗುತ್ತೇವೆ. ಒಬ್ಬಳು ಮಾತಾಡುತ್ತಾಳೆ, ಒಬ್ಬಳು ಬರೆಯುತ್ತಾಳೆ, ಉಳಿದವರು ಧೈರ್ಯಕ್ಕೆ.

ಕಡ್ಡಿ ಪೆನ್ಸಿಲಿನಷ್ಟು ದಪ್ಪ ಇರಲಿ. ಒಂದು ಗೇಣು ಉದ್ದ. ಮೂರು ನಾಲ್ಕು ಕಣ್ಣು ಇರಬೇಕು. ಎಳೆ ಹಸಿರು ಕಡ್ಡಿ ಬೇಡ, ಬಲಿತ ಕಂದು ಕಡ್ಡಿ ಬೇಕು. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕೊಯ್ಯಿರಿ. ಆಗ ಯಾವುದು ತಲೆ, ಯಾವುದು ಬುಡ ಅಂತ ಗೊಂದಲ ಆಗುವುದಿಲ್ಲ. (ನಾವು ಮೊದಲ ಸಲ ಎರಡು ಕಡ್ಡಿ ತಲೆಕೆಳಗು ಹುಗಿದಿದ್ದೆವು. ಅವು ಒಣಗಿದವು.) ಹಾಲು ಸೋರುವುದು ನಿಲ್ಲಲಿ. ಆಮೇಲೆ ಮೂರು ಪಾಲಿನಲ್ಲಿ ಎರಡು ಪಾಲು ಮಣ್ಣಿನ ಒಳಗೆ ಹೋಗುವ ಹಾಗೆ ನೆಡಿ. ನೆರಳಿನಲ್ಲಿ ಇಡಿ. ಒಂದು ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಮೇಲೆ ಚಿಗುರು ಕಂಡ ಕೂಡಲೇ ಕೀಳಬೇಡಿ. ಚಿಗುರು ಮೊದಲು ಬರುತ್ತದೆ, ಬೇರು ತಡ.

ಅಂಜೂರದ ಹಾಲಿನ ಬಗ್ಗೆ ಎಚ್ಚರ. ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗೆ ಹಳೆ ಬಟ್ಟೆ ಸುತ್ತಿಕೊಳ್ಳಿ. ಕೆಲಸ ಮುಗಿದ ಮೇಲೆ ಸಬಕಾರ ಹಚ್ಚಿ ತೊಳೆಯಿರಿ. ಕಣ್ಣು ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ.

ಡಬ್ಬಿಯ ತಳಕ್ಕೆ ಐದಾರು ತೂತು ಬೇಕು. ಕಾದ ಮೊಳೆಯಿಂದ ಮಾಡಬಹುದು. ತೂತಿನ ಮೇಲೆ ಹೆಂಚಿನ ಚೂರು ಮುಚ್ಚಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆ ತಿಪ್ಪೆ ಗೊಬ್ಬರ, ಒಂದು ಪಾಲು ಉಸುಕು. ಒಂದು ಹಿಡಿ ಬೇವಿನ ಹಿಂಡಿ ಕೂಡಿಸಿ. ಅಂಜೂರದ ಬೇರಿಗೆ ಗಂಟು ಮಾಡುವ ಸೂಕ್ಷ್ಮ ಹುಳ ಮಣ್ಣಿನಲ್ಲಿ ಇರುತ್ತವೆ. ಬೇವಿನ ಹಿಂಡಿ ಅವನ್ನು ಕಡಿಮೆ ಮಾಡುತ್ತದೆ. ಬರೀ ಎರಿ ಮಣ್ಣು ಹಾಕಬೇಡಿ. ಅದು ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಹಸಿ ಸಗಣಿಯೂ ಬೇಡ, ಬೇರು ಸುಡುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಡಿ, ನೀರು ಹಾಕಲು.

ನೀರು ಎಷ್ಟು?

ನೀರು ಹೊರುವವರು ನಾವೇ. ಹಾಗಾಗಿ ಈ ಪ್ರಶ್ನೆ ನಮಗೆ ದೊಡ್ಡದು. ಬೆರಳಿನ ಎರಡು ಗೆಣ್ಣು ಮಣ್ಣಿಗೆ ಚುಚ್ಚಿ ನೋಡಿ. ಹಸಿ ತಾಗಿದರೆ ನೀರು ಬೇಡ. ಒಣಗಿದ್ದರೆ ತೂತಿನಿಂದ ನೀರು ಜಿನುಗುವ ತನಕ ಹಾಕಿ. ಬೇಸಿಗೆಯಲ್ಲಿ ದಿನಾ ಬೇಕಾಗುತ್ತದೆ. ದೊಡ್ಡ ಗಿಡಕ್ಕೆ ಎರಡು ಮೂರು ತಂಬಿಗೆ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ನಡೆಯುತ್ತದೆ. ಸಬಕಾರದ ನೀರು, ಉಪ್ಪಿನ ನೀರು ಬೇಡ. ಮಣ್ಣಿನ ಮೇಲೆ ಒಣ ಎಲೆ, ಶೇಂಗಾ ಸಿಪ್ಪೆ ಹಾಸಿದರೆ ಹಸಿ ಉಳಿಯುತ್ತದೆ. ನಮಗೆ ಒಂದು ತಂಬಿಗೆ ಉಳಿಯುತ್ತದೆ.

ಕಾಯಿ ಇದ್ದಾಗ ನಾಲ್ಕು ದಿನ ಮರೆತು, ಐದನೇ ದಿನ ಕೊಡ ಸುರಿಯುವುದು ಆಗದು. ಕಾಯಿ ಉದುರುತ್ತವೆ, ಇಲ್ಲವೇ ಸೀಳುತ್ತವೆ. ಒಮ್ಮೆ ನಾವೆಲ್ಲ ಮದುವೆಗೆ ಹೋಗಿದ್ದೆವು. ಬಂದು ನೋಡಿದರೆ ಬುಡದ ಸುತ್ತ ಕಾಯಿ ಬಿದ್ದಿದ್ದವು.

ಚಿಗುರುವ ಕಾಲದಲ್ಲಿ ತಿಂಗಳಿಗೆ ಎರಡು ಹಿಡಿ ಹಳೆ ಗೊಬ್ಬರ ಸಾಕು. ಯೂರಿಯಾ ಸುರಿದರೆ ಎಲೆ ಮಾತ್ರ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆಯಿರಿ. ಬೇರು ಡಬ್ಬಿಯ ಸುತ್ತ ಸಿಂಬಿ ಸುತ್ತಿಕೊಂಡಿರುತ್ತದೆ. ಸುತ್ತಲೂ ಎರಡು ಬೆರಳು ದಪ್ಪ ಕತ್ತರಿಸಿ, ಹೊಸ ಮಣ್ಣು ತುಂಬಿ, ಮತ್ತೆ ಕೂಡಿಸಿ.

ಕೊಯ್ಯುವುದಕ್ಕೆ ಹೆದರಬೇಡಿ

ಇದು ನಮಗೆ ಕಷ್ಟದ ಪಾಠ ಆಗಿತ್ತು. ಬೆಳೆದ ಗಿಡವನ್ನು ಕೊಯ್ಯಲು ಕೈ ಬರಲಿಲ್ಲ. ಆದರೆ ಅಂಜೂರ ಹೊಸ ಚಿಗುರಿನಲ್ಲೇ ಕಾಯಿ ಹೆಚ್ಚು ಬಿಡುತ್ತದೆ. ಎಲೆಯ ಕಂಕುಳಲ್ಲಿ ಒಂದೊಂದು ಕಾಯಿ. ಆದ್ದರಿಂದ ಮಳೆ ಮುಗಿದ ಮೇಲೆ, ದಸರಾ ದೀಪಾವಳಿಯ ನಡುವೆ, ಟೊಂಗೆಗಳನ್ನು ಅರ್ಧಕ್ಕೆ ಕೊಯ್ಯುತ್ತೇವೆ. ಒಣಗಿದ್ದು, ಒಂದಕ್ಕೊಂದು ತಿಕ್ಕುವ ಟೊಂಗೆ ಪೂರಾ ತೆಗೆಯುತ್ತೇವೆ. ಹೊಸ ಚಿಗುರು ಬರುತ್ತದೆ. ನಾಲ್ಕೈದು ತಿಂಗಳಿಗೆ, ಶಿವರಾತ್ರಿ ಆಸುಪಾಸಿಗೆ, ಹಣ್ಣು ಶುರು. ಯುಗಾದಿ ದಾಟಿದರೂ ಇರುತ್ತದೆ. ಬಿಸಿಲಿನ ಈ ಹಣ್ಣೇ ಸಿಹಿ.

ಎಲೆಯ ಕೆಳಗೆ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಆ ಎಲೆ ಕಿತ್ತು ಸುಟ್ಟುಹಾಕಿ. ಉದುರಿದ ಎಲೆಯನ್ನೂ ಗುಡಿಸಿ ಸುಡಿ. ಹೆಚ್ಚಾದರೆ ಬೋರ್ಡೊ ದ್ರಾವಣ ಹೊಡೆಯಬೇಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆಯಾಗಿ ಕಲಸಿ. ಎರಡನ್ನೂ ಪ್ಲಾಸ್ಟಿಕ್ ಬಕೇಟಿನಲ್ಲಿ ಕೂಡಿಸಿ. ಲೋಹದ ಪಾತ್ರೆ ಬೇಡ. ಅದರಲ್ಲಿ ಚಾಕುವಿನ ತುದಿ ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಅದೇ ದಿನ ಹೊಡೆಯಬೇಕು, ಉಳಿಸಿ ಇಡಬಾರದು. ಮೈಲುತುತ್ತ ವಿಷ. ಅಡುಗೆ ಮನೆಯಲ್ಲಿ ಇಡಬೇಡಿ, ಪೊಟ್ಟಣದ ಮೇಲೆ ಹೆಸರು ಬರೆಯಿರಿ. ಹಣ್ಣು ಮಾಗುವ ಹೊತ್ತಿಗೆ ಹೊಡೆಯಬೇಡಿ.

ಕಾಂಡದಲ್ಲಿ ತೂತು, ಕೆಳಗೆ ಕಟ್ಟಿಗೆ ಪುಡಿ ಕಂಡರೆ ಒಳಗೆ ಹುಳ ಇದೆ. ಸಣ್ಣ ತಂತಿ ಹಾಕಿ ಚುಚ್ಚಿ ಕೊಲ್ಲಿ.

ಇನ್ನು ಹಕ್ಕಿಗಳು. ಹಣ್ಣು ಮಾಗುವುದು ನಮಗಿಂತ ಮೊದಲು ಅವಕ್ಕೆ ಗೊತ್ತಾಗುತ್ತದೆ. ಹಳೆ ತೆಳು ಸೀರೆಯ ಚೀಲ ಹೊಲಿದು ಟೊಂಗೆಗೆ ಕಟ್ಟುತ್ತೇವೆ. ಹಣ್ಣು ಮೆತ್ತಗೆ ಆಗಿ, ಕುತ್ತಿಗೆ ಬಾಗಿ ಜೋತು ಬಿದ್ದರೆ ಮಾಗಿದೆ ಅಂತ ಅರ್ಥ. ಮೊದಲೇ ಕಿತ್ತರೆ ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ಮಾವಿನ ಹಾಗೆ ಅಡೆ ಹಾಕಲು ಬರುವುದಿಲ್ಲ. ಕಾಯಿ ತಿಂದರೆ ಹಾಲಿಗೆ ಬಾಯಿ ಉರಿಯುತ್ತದೆ. ಕಿತ್ತ ಹಣ್ಣು ಒಂದೆರಡು ದಿನ ಮಾತ್ರ ಇರುತ್ತದೆ. ಪೇಟೆಗೆ ಸಾಗಿಸುವುದು ಕಷ್ಟ, ಅದಕ್ಕೇ ದರ ಜಾಸ್ತಿ. ಕುಂಡದ ಗಿಡದಿಂದ ಬುಟ್ಟಿಗಟ್ಟಲೆ ಬರುವುದಿಲ್ಲ. ಸುಗ್ಗಿಯಲ್ಲಿ ದಿನಕ್ಕೆ ಒಂದು, ಎರಡು. ಮಾರಿ ರೊಕ್ಕ ಮಾಡುತ್ತೇವೆ ಅನ್ನುವವರು ಇದನ್ನು ಮೊದಲೇ ತಿಳಿಯಿರಿ.

ರಕ್ತ ತುಂಬುತ್ತದೆಯೇ?

ಅಜ್ಜಿ ಗಿಡ ತಂದದ್ದೇ ಈ ಆಸೆಯಿಂದ. ಆದ್ದರಿಂದ ಖರೆ ಮಾತು ಹೇಳಬೇಕು. 100 ಗ್ರಾಂ ಒಣ ಅಂಜೂರದಲ್ಲಿ ಕಬ್ಬಿಣಾಂಶ ಸುಮಾರು 2 ಮಿಲಿಗ್ರಾಂ. ಹಸಿ ಹಣ್ಣಿನಲ್ಲಿ ಅರ್ಧ ಮಿಲಿಗ್ರಾಮೂ ಇಲ್ಲ. ಗುಳಿಗೆಯಲ್ಲಿ ಇರುವುದು 60 ಮಿಲಿಗ್ರಾಂ. ಅಂಜೂರದಲ್ಲಿ ಸುಣ್ಣದ ಅಂಶ ಇದೆ, ನಾರು ಇದೆ, ಮಲಬದ್ಧತೆಗೆ ಒಳ್ಳೆಯದು, ಬಾಯಿಗೆ ರುಚಿ. ಸಕ್ಕರೆ ಕಾಯಿಲೆ ಇದ್ದವರು ಮಿತಿಯಲ್ಲಿ ತಿನ್ನಬೇಕು. ಆದರೆ 8 ಗ್ರಾಂ ಇದ್ದ ರಕ್ತವನ್ನು ಅಂಜೂರ ಒಂದರಿಂದ ಏರಿಸಲು ಆಗದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ರಕ್ತಹೀನತೆ. ನಮ್ಮ ಏಳು ಜನರಲ್ಲಿ ನಾಲ್ವರಿಗೆ ಇತ್ತು. ಬಸುರಿಯರು 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ ಗುಳಿಗೆ ತಿನ್ನಬೇಕು. ಸರಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಪುಕ್ಕಟೆ ಸಿಗುತ್ತವೆ. ರಕ್ತ ಬಹಳ ಕಡಿಮೆ ಇದ್ದರೆ ಡಾಕ್ಟರು ಹೇಳಿದ ಹಾಗೆ ಮಾಡಬೇಕು. ಚಹಾದ ಜೊತೆ ಗುಳಿಗೆ ನುಂಗಬೇಡಿ, ಚಹಾ ಅದರ ಗುಣ ತಡೆಯುತ್ತದೆ. ನಿಂಬೆಹಣ್ಣಿನ ರಸ ಕೂಡಿದರೆ ಚೆನ್ನಾಗಿ ಹತ್ತುತ್ತದೆ. ಮಲ ಕರ್ರಗೆ ಆದರೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ತಿನ್ನಿ. ಹಾಗೂ ತಡೆಯದಿದ್ದರೆ ಬಿಡಬೇಡಿ, ಸಿಸ್ಟರ್ ಅವರನ್ನು ಕೇಳಿ.

ನಮ್ಮ ಗುಂಪಿನಲ್ಲಿ ಗುಳಿಗೆ ತಿನ್ನುವವರು ಒಂದು ಪದ್ಧತಿ ಮಾಡಿದ್ದಾರೆ. ಸಂಜೆ ಅಂಜೂರಕ್ಕೆ ನೀರು ಹಾಕುವುದು, ಊಟ ಮಾಡುವುದು, ಗುಳಿಗೆ ನುಂಗುವುದು. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುವುದು. ಗಿಡ ಬಾಡಿದ್ದು ಕಂಡರೆ ಗುಳಿಗೆ ಮರೆತದ್ದೂ ನೆನಪಾಗುತ್ತದೆ.

ಚೀಟಿ ಕಟ್ಟುವುದು

ನಮ್ಮ ಆಡೂರಿನ ಶಾಸನಗಳ ಹೆಸರು ಇತಿಹಾಸದ ಪುಸ್ತಕದಲ್ಲಿ ಇದೆ. ಬಾದಾಮಿ ಚಾಲುಕ್ಯರ ಕಾಲದವು. ಬಸದಿಗೆ ಭೂಮಿ ಕೊಟ್ಟ ವಿಷಯ ಕಲ್ಲಿನಲ್ಲಿ ಕೆತ್ತಿದ್ದಾರೆ. ಕೊಟ್ಟವರು, ಪಡೆದವರು ಯಾರೂ ಈಗ ಇಲ್ಲ. ಬರೆದದ್ದು ಇದೆ. ಮೊದಲು ನಾವು ಅದನ್ನು ಬರೀ ಹಳೆ ಕಲ್ಲು ಅನ್ನುತ್ತಿದ್ದೆವು.

ಈಗ ನಮ್ಮ ಪ್ರತಿ ಡಬ್ಬಿಗೂ ಚೀಟಿ ಇದೆ. ಹಳೆ ಪ್ಲಾಸ್ಟಿಕ್ ಡಬ್ಬಿಯ ಬಿಳಿ ತುಂಡಿನ ಮೇಲೆ ಸೀಸದ ಕಡ್ಡಿಯಿಂದ ಬರೆಯುತ್ತೇವೆ. ಸೀಸದ ಕಡ್ಡಿಯ ಬರಹ ಮಳೆಗೆ ಹೋಗುವುದಿಲ್ಲ. ಪೆನ್ನಿನದು ಹೋಗುತ್ತದೆ. ಗಿಡದ ಹೆಸರು, ನೆಟ್ಟ ತಾರೀಖು, ಯಾರ ಗಿಡ ಅನ್ನುವುದು, ಮೂರೇ ಸಾಲು. ಬರೆಯುವ ಕೆಲಸ ಅಜ್ಜಿಯದು. ಬೇರೆಯವರಿಗೆ ಬಿಡುವುದಿಲ್ಲ. 'ಜ'ಕ್ಕೆ ಕೊಂಬು ಹಾಕುವಾಗ ನಾಲಿಗೆ ಸ್ವಲ್ಪ ಹೊರಗೆ ಬರುತ್ತದೆ.

ಹೋದ ದೀಪಾವಳಿಗೆ ಕೊಯ್ದ ಟೊಂಗೆಗಳಿಂದ ಹನ್ನೊಂದು ಕಡ್ಡಿ ನೆಟ್ಟೆವು. ಎಂಟು ಹಿಡಿದವು. ಬಾಡಿಗೆ ಮನೆಯ ತಂಗಿ ಒಬ್ಬಳು ಸಂಕ್ರಾಂತಿ ಆದ ಮೇಲೆ ಹಾನಗಲ್ಲಿಗೆ ಮನೆ ಬದಲಿಸಿದಳು. ಹೋಗುವ ದಿನ ಟ್ರ್ಯಾಕ್ಟರಿನಲ್ಲಿ ಹಾಸಿಗೆ, ಟ್ರಂಕು, ಗ್ಯಾಸಿನ ಒಲೆ ಎಲ್ಲ ಏರಿದವು. ಕೊನೆಗೆ ಅಜ್ಜಿ ಒಂದು ಡಬ್ಬಿ ತಂದು ಅವಳ ಮಡಿಲ ಹತ್ತಿರ ಇಟ್ಟಳು.

"ಚೀಟಿ ಓದಿ ತಗೋ ಮತ್ತ" ಅಂದಳು.

ತಂಗಿ ಟ್ರ್ಯಾಕ್ಟರಿನ ಮೇಲೆ ಕೂತೇ ದೊಡ್ಡ ದನಿಯಲ್ಲಿ ಓದಿದಳು. ಅಂಜೂರ ಅಂತಲೇ ಇತ್ತು. ಕೆಳಗೆ ಅವಳ ಹೆಸರು ಇತ್ತು.